ವಾಲ್ಯೂಮ್ ತಗ್ಗಿಸಿದರೆ ವೀಣೆ ಚರಚರ ಅನ್ನುವುದೇಕೆ?

ಪ್ರಶ್ನೆ: ಸರ್, ನನ್ನ ಹತ್ತಿರ 2ಎನ್3055, ಎಂಜೆ2955 ಪವರ್ ಟ್ರಾನ್ಸಿಸ್ಟರ್‌ಗಳ ಜೋಡಿ ಹಾಕಿದ ಹಳೇ ಆಂಪ್ಲಿಫೈಯರ್ ಇದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ವಾಲ್ಯೂಮ್ ತಗ್ಗಿಸಿ ವೀಣೆ ಕೇಳುತ್ತೇನೆ. ಮೀಟಿದಾಗ ಸ್ವರ ಚೆನ್ನಾಗಿಯೇ ಇರುತ್ತದೆ. ಅದು ಆರುತ್ತಾ ಬಂದಂತೆ ಮರಳು ಉಜ್ಜಿದ ಹಾಗೆ ಚರಚರ ಸದ್ದು. ವಾಲ್ಯೂಮ್ ಏರಿಸಿದರೆ ಗೊತ್ತಾಗುವುದಿಲ್ಲ. ರಿಪೇರಿಯವರು "ಡಿಸ್ಟಾರ್ಷನ್ 0.1 ಪರ್ಸೆಂಟ್ ಅಷ್ಟೇ, ಕಿವಿಗೆ ಕೇಳಿಸಲ್ಲ" ಅಂದರು. ನನ್ನ ಭ್ರಮೆನಾ?

ಉತ್ತರ: ಭ್ರಮೆ ಅಲ್ಲ. ನಿಮ್ಮ ಕಿವಿಯನ್ನೇ ನಂಬಿ. ನೀವು ಹೇಳಿದ್ದು ಕ್ರಾಸ್‌ಓವರ್ ಡಿಸ್ಟಾರ್ಷನ್‌ನ, ಅಂದರೆ ಅಲೆ ಸೊನ್ನೆ ದಾಟುವ ಜಾಗದಲ್ಲಿ ಕೆಡುವುದರ, ಲಕ್ಷಣವೇ.

ಆ ಜೋಡಿಯಲ್ಲಿ ಒಂದು ಟ್ರಾನ್ಸಿಸ್ಟರ್ ಅಲೆಯ ಮೇಲಿನ ಅರ್ಧ ನೋಡಿಕೊಳ್ಳುತ್ತದೆ, ಇನ್ನೊಂದು ಕೆಳಗಿನ ಅರ್ಧ. ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚರವಾಗಲು ಸುಮಾರು 0.6 ವೋಲ್ಟ್ ಬೇಕು. ಎರಡನ್ನೂ ಎಚ್ಚರವಾಗಿಡಲು ಮೊದಲೇ ಕೊಡುವ ವೋಲ್ಟೇಜ್‌ಗೆ ಬಯಾಸ್ ಅನ್ನುತ್ತಾರೆ. ಅದು ಕಡಿಮೆಯಾದರೆ ಸೊನ್ನೆ ದಾಟುವ ಜಾಗದಲ್ಲಿ ಎರಡೂ ಮಲಗಿರುತ್ತವೆ. ಅಲೆಯನ್ನು ಪರದೆಯ ಮೇಲೆ ತೋರಿಸುವ ಸ್ಕೋಪ್‌ನಲ್ಲಿ ನೋಡಿದರೆ ನುಣುಪಾದ ಅಲೆಯ ನಡುವೆ ಒಂದು ಚಿಕ್ಕ ಮೆಟ್ಟಿಲು ಕಾಣುತ್ತದೆ.

ಈಗ 0.1 ಪರ್ಸೆಂಟ್ ಲೆಕ್ಕಕ್ಕೆ ಬನ್ನಿ. ಅದು ಫುಲ್ ಪವರ್‌ನಲ್ಲಿ ಅಳೆದ ಅಂಕಿ. 20 ವೋಲ್ಟ್ ಔಟ್‌ಪುಟ್‌ಗೆ 0.1 ಪರ್ಸೆಂಟ್ ಅಂದರೆ 20 ಮಿಲಿವೋಲ್ಟ್. ವಾಲ್ಯೂಮ್ ತಗ್ಗಿಸಿದರೆ ಹಾಡು ಸಣ್ಣದಾಗುತ್ತದೆ, ಮೆಟ್ಟಿಲು ಅಷ್ಟಾಗಿ ಸಣ್ಣದಾಗುವುದಿಲ್ಲ. ಔಟ್‌ಪುಟ್ 0.2 ವೋಲ್ಟ್‌ಗೆ ಇಳಿದಾಗಲೂ ಅದೇ 20 ಮಿಲಿವೋಲ್ಟ್ ಉಳಿದಿದೆ ಅಂದುಕೊಳ್ಳಿ. ಆಗ ಅದು 10 ಪರ್ಸೆಂಟ್! ವೀಣೆಯ ಸ್ವರ ಆರುವುದು ಆ ಜಾಗದಲ್ಲೇ ಅಲ್ವಾ?

ಪರ್ಸೆಂಟ್ ಒಂದೇ ಅಲ್ಲ, ಯಾವ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಹೀಗೆ ಬರುವ ಸ್ವರ) ಅನ್ನುವುದೂ ಮುಖ್ಯ. ಎರಡನೆಯದು, ಮೂರನೆಯದು ಮೂಲ ಸ್ವರದ ಹತ್ತಿರವೇ ಇರುತ್ತವೆ. ಸ್ವರವೇ ಅವನ್ನು ಮುಚ್ಚಿಹಾಕುತ್ತದೆ. ಆ ಮೆಟ್ಟಿಲು ಹುಟ್ಟಿಸುವುದು 9, 11, 15ನೆಯವನ್ನೂ. 200 ಹರ್ಟ್ಜ್ ಸ್ವರಕ್ಕೆ 15ನೆಯದು 3000 ಹರ್ಟ್ಜ್. ನಮ್ಮ ಕಿವಿ ತುಂಬಾ ಚುರುಕಾಗಿರುವ ಜಾಗ ಅದು. ಮುಚ್ಚಲು ಅಲ್ಲಿ ಬೇರೆ ಸದ್ದೂ ಇಲ್ಲ.

ಇನ್ನೊಬ್ಬರು: ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶವನ್ನು ಇನ್‌ಪುಟ್‌ಗೆ ಮರಳಿಸಿ ತಪ್ಪು ತಿದ್ದುವ ವ್ಯವಸ್ಥೆ) ಇದನ್ನು ಸರಿಮಾಡಬೇಕಿತ್ತಲ್ವಾ?

ಉತ್ತರ: ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಆದರೆ ಎರಡೂ ಟ್ರಾನ್ಸಿಸ್ಟರ್ ಮಲಗಿದ ಕ್ಷಣ ಆ ಸುತ್ತಿನಲ್ಲಿ ಗೇನ್, ಅಂದರೆ ಸಿಗ್ನಲ್ ಅನ್ನು ದೊಡ್ಡದು ಮಾಡುವ ಶಕ್ತಿ, ಬಿದ್ದುಹೋಗುತ್ತದೆ. ಗೇನ್ ಇಲ್ಲದೆ ಫೀಡ್‌ಬ್ಯಾಕ್ ಏನು ಮಾಡೀತು? ಜೊತೆಗೆ ಫ್ರೀಕ್ವೆನ್ಸಿ ಏರಿದಂತೆ ಅದರ ಶಕ್ತಿಯೂ ಇಳಿಯುತ್ತದೆ. ಬಯಾಸ್ ಇಲ್ಲದೆಯೂ ಗೆದ್ದವರಿದ್ದಾರೆ. ಇಂಗ್ಲೆಂಡಿನ ಕ್ವಾಡ್ ಕಂಪನಿಯ ಪೀಟರ್ ವಾಕರ್ 1975ರಲ್ಲಿ 'ಕರೆಂಟ್ ಡಂಪಿಂಗ್' ತಂದರು. ಕ್ವಾಡ್ 405ರಲ್ಲಿ ಒಂದು ಸಣ್ಣ ಕ್ಲಾಸ್ ಎ ಆಂಪ್ (ಟ್ರಾನ್ಸಿಸ್ಟರ್ ಎಂದೂ ಮಲಗದ ಬಗೆ) ಸೊನ್ನೆಯ ಹತ್ತಿರ ಸ್ಪೀಕರ್ ಅನ್ನು ಹಿಡಿದಿರುತ್ತದೆ, ದೊಡ್ಡ ಟ್ರಾನ್ಸಿಸ್ಟರ್‌ಗಳು ಆಮೇಲೆ ಕೈಜೋಡಿಸುತ್ತವೆ. ಬಹಳ ಚಂದದ ಯೋಚನೆ. ಆದರೆ ನಿಮ್ಮ ಬೋರ್ಡ್ ಅದಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಬಯಾಸ್ ಪ್ರೀಸೆಟ್ (ಬಯಾಸ್ ಹೊಂದಿಸುವ ತಿರುಪು) ಪೂರ್ತಿ ತಿರುಗಿಸಿಬಿಡಲಾ?

ಉತ್ತರ: ಬೇಡವೇ ಬೇಡ! ಮೊದಲು ಮೇನ್ಸ್‌ಗೆ ಸೀರೀಸ್‌ನಲ್ಲಿ 100 ವ್ಯಾಟ್ ಫಿಲಮೆಂಟ್ ಬಲ್ಬ್ ಹಾಕಿ ಆನ್ ಮಾಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಶಾರ್ಟ್ ಇಲ್ಲ ಅಂತ ಧೈರ್ಯ. ಆಮೇಲೆ ಬಲ್ಬ್ ತೆಗೆದು, ಸಿಗ್ನಲ್ ಇಲ್ಲದೆ, ಒಂದು ಎಮಿಟರ್ ರೆಸಿಸ್ಟರ್‌ನ (ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಎಮಿಟರ್ ಕಾಲಿಗೆ ಸೇರಿದ ರೆಸಿಸ್ಟರ್) ಎರಡು ತುದಿಗೆ ಮೀಟರ್ ಇಡಿ. ಔಟ್‌ಪುಟ್ ಎಮಿಟರ್ ಫಾಲೋವರ್ ಬಗೆಯದಾಗಿದ್ದು (ಎಮಿಟರ್ ಕಡೆಯಿಂದ ಸ್ಪೀಕರ್‌ಗೆ ಸಿಗ್ನಲ್ ಹೋಗುವ ಬಗೆ), ಆ ರೆಸಿಸ್ಟರ್ 0.22 ಓಮ್ ಆಗಿದ್ದರೆ 20 ಮಿಲಿವೋಲ್ಟ್ ಸುತ್ತಮುತ್ತ ಸಾಕು. ಅಂದರೆ ಸುಮಾರು 90 ಮಿಲಿಆಂಪ್. ಜಾಸ್ತಿ ಮಾಡಿದರೆ ಎರಡೂ ಒಟ್ಟಿಗೆ ದುಡಿಯುವ ಜಾಗದ ಅಂಚಿನಲ್ಲಿ ಹೊಸ ಡಿಸ್ಟಾರ್ಷನ್ ಶುರುವಾಗುತ್ತದೆ. ಬಿಸಿಯೂ ಏರುತ್ತದೆ.

ಪ್ರಶ್ನೆ ಕೇಳಿದವರು: 2 ಮಿಲಿವೋಲ್ಟ್ ಇತ್ತು ಸರ್! 20ಕ್ಕೆ ತಂದೆ. ವೀಣೆ ಈಗ ಕೊನೆಯವರೆಗೂ ಶುದ್ಧವಾಗಿ ಕೇಳಿಸುತ್ತಿದೆ. ಆದರೆ ಹತ್ತು ನಿಮಿಷದಲ್ಲಿ ಅದು 31 ಆಯ್ತು.

ಉತ್ತರ: ತಕ್ಷಣ ಆಫ್ ಮಾಡಿ. ಬಯಾಸ್ ಡಯೋಡ್ ಅಥವಾ ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ಭಾಗ) ಅಂಟಿದೆಯಾ ನೋಡಿ. ಒಂದು ಡಿಗ್ರಿ ಬಿಸಿಗೆ ಟ್ರಾನ್ಸಿಸ್ಟರ್‌ಗೆ ಬೇಕಾದ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬಯಾಸ್ ಭಾಗಕ್ಕೆ ಆ ಬಿಸಿ ತಟ್ಟದಿದ್ದರೆ ಕರೆಂಟ್ ಏರುತ್ತಲೇ ಹೋಗುತ್ತದೆ, ಕೊನೆಗೆ ಸುಡುತ್ತದೆ. ಬಿಸಿ ದಾಟಿಸುವ ಹಳೇ ಪೇಸ್ಟ್ ಒಣಗಿದ್ದರೆ ಕೆರೆದು ಹೊಸದು ಹಚ್ಚಿ. ಆಮೇಲೆ ಮುಚ್ಚಳ ಹಾಕಿ ಅರ್ಧ ಗಂಟೆ ಬಿಟ್ಟು ಮತ್ತೆ ಅಳೆದು ಇಲ್ಲೇ ತಿಳಿಸಿ.