ಹಿರಿಯರ ಮನಸ್ಸು ನೋಯಿಸದೆ ಶಿಫ್ಟಿನವರನ್ನೆಲ್ಲ ಕಸರತ್ತಿಗೆ ಕರೆತರುವುದು ಹೇಗೆ?

ಬೆಟಗೇರಿ ಫೈರ್‌ಮನ್ (ಮಾರ್ಚ್ 9)

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಅಗ್ನಿಶಾಮಕ ಠಾಣೆಯಲ್ಲಿ ಫೈರ್‌ಮನ್. ವಯಸ್ಸು 38. ಕೆಲಸಕ್ಕೆ ಸೇರಿದಾಗ 61 ಕಿಲೋ ಇದ್ದೆ, ಈಗ 84.

ಫೆಬ್ರವರಿ ಕೊನೆಯ ವಾರ, ಮಧ್ಯಾಹ್ನ ಎರಡರ ಸುಮಾರಿಗೆ ಬಣವೆಗೆ ಬೆಂಕಿ ಅಂತ ಕಾಲ್ ಬಂತು. ನಮ್ಮ ಕಡೆ ಬಿಸಿಲು ಏರಿತು ಅಂದರೆ ಬಣವೆ ಕಾಲ್ ಇದ್ದದ್ದೇ. ಓಣಿ ಸಣ್ಣದು, ವಾಟರ್ ಟೆಂಡರ್, ಅಂದರೆ ನೀರಿನ ಗಾಡಿ, ಒಳಗೆ ಹೋಗಲಿಲ್ಲ. ಗುಡಿ ಹತ್ತಿರ ಗಾಡಿ ನಿಲ್ಲಿಸಿ ನಾಲ್ಕು ಹೋಸ್ ಜೋಡಿಸಿದೆವು. ಖಾಲಿ ಹೋಸ್ ಎಳೆಯುವುದು ಕಷ್ಟವಲ್ಲ. ನೀರು ಬಿಟ್ಟ ಮೇಲೆ ಅದನ್ನು ಬಣವೆಯ ಹಿಂಬದಿಗೆ ಒಯ್ಯಬೇಕಲ್ಲ, ಆಗ ಗೊತ್ತಾಗುತ್ತದೆ. 63 ಎಂಎಂ ಹೋಸ್ 15 ಮೀಟರ್ ಉದ್ದ ಇದ್ದರೆ ಒಳಗಿನ ನೀರೇ ಸುಮಾರು 47 ಕಿಲೋ. ನಾಲ್ಕು ಹೋಸ್ ಅಂದರೆ ಎರಡು ಕ್ವಿಂಟಾಲ್ ಹತ್ತಿರ.

ಬಣವೆ ಬೆಂಕಿ ಮೇಲೆ ಆರಿದ ಹಾಗೆ ಕಾಣುತ್ತದೆ, ಒಳಗೊಳಗೇ ಉರಿಯುತ್ತಿರುತ್ತದೆ. ಮೇವನ್ನು ಕೊಕ್ಕೆಯಿಂದ ಎಳೆದು ಹರಡಿ ನೀರು ಹಾಕಬೇಕು. ಎರಡು ತಾಸು ಎಳೆದೆವು. ಆಮೇಲೆ ನಮ್ಮ ಅಣ್ಣ ಗಾಡಿಯ ಹಿಂದಿನ ಗಾಲಿಗೆ ಒರಗಿ ಕೂತುಬಿಟ್ಟರು. ಶಿಫ್ಟಿನ ಆರು ಮಂದಿಯಲ್ಲಿ ಅವರೇ ಹಿರಿಯರು, 52 ವರ್ಷ. ಹೆಲ್ಮೆಟ್ ತೊಡೆಯ ಮೇಲಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯ ಬೆವರು ಒರೆಸಲು ಕೈ ಎತ್ತಿದರು, ಅದು ಅರ್ಧಕ್ಕೇ ಕೆಳಗೆ ಬಿತ್ತು. ಪಕ್ಕದ ಮನೆಯ ಅಜ್ಜಿ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟರು. ಹತ್ತು ನಿಮಿಷ ಆದ ಮೇಲೆ "ಏನಿಲ್ಲಪಾ, ಬಿಸಲು ಭಾಳ ಆತು" ಅಂತ ಎದ್ದರು. ಓಡಿ ಹೋಗಿ ಅವರನ್ನು ಹಿಡಿಯಲಿಕ್ಕೆ ನನಗೂ ಆಗಲಿಲ್ಲ. ನಾನೇ ಮೊಣಕಾಲು ಹಿಡಿದು ಬಗ್ಗಿ ನಿಂತಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಊರವರು ನಮ್ಮನ್ನು ಕರೆಯುತ್ತಾರೆ, ನಮ್ಮವರೇ ಬಿದ್ದರೆ ನಮ್ಮನ್ನು ಎತ್ತುವವರು ಯಾರು?

ಮಾರನೇ ದಿನವೇ ವಾಟ್ಸಾಪ್ ಗ್ರೂಪ್ ಮಾಡಿದೆ. ದಿನಾ ಬೆಳಿಗ್ಗೆ ಓಡುವವರ ಫೋಟೋ, ವಿಡಿಯೋ ಹಾಕಿದೆ. ಎಲ್ಲರೂ ಹೆಬ್ಬೆರಳು ಒತ್ತಿದರು, ಯಾರೂ ಏಳಲಿಲ್ಲ. ಆಮೇಲೆ ದೊಡ್ಡ ತಪ್ಪು ಮಾಡಿದೆ. ಆರು ಮಂದಿಯ ಹೆಸರು, ತೂಕ, ಹೊಟ್ಟೆಯ ಅಳತೆ ಬರೆಯಲು ಒಂದು ಚಾರ್ಟ್ ಮಾಡಿ ರೆಸ್ಟ್ ರೂಮಿನ ಗೋಡೆಗೆ ಅಂಟಿಸಿದೆ. ಅಣ್ಣ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೆ ಏಣಿ ಹತ್ತಲು, ಗಂಟು ಹಾಕಲು ಕಲಿಸಿದ ಮನುಷ್ಯ ಅವರು.

ಇಂಥ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ. ನೀವು ನೀವೇ ಒಬ್ಬರನ್ನೊಬ್ಬರು ಹೇಗೆ ಎಬ್ಬಿಸಿದಿರಿ?

ಉಣಕಲ್ 108 (ಮಾರ್ಚ್ 9)

ಅಣ್ಣಾ, ನಾನು ಹುಬ್ಬಳ್ಳಿಯಲ್ಲಿ ಆಂಬುಲೆನ್ಸ್ ಮೇಲೆ ಇಎಂಟಿ, ಅಂದರೆ ದಾರಿಯಲ್ಲೇ ತುರ್ತು ಚಿಕಿತ್ಸೆ ಕೊಡುವವನು. ನಿಮ್ಮದು ಆರು ಜನರ ತಂಡ, ನಮ್ಮದು ಇಬ್ಬರೇ, ನಾನು ಮತ್ತು ಪೈಲಟ್ (ಗಾಡಿ ಓಡಿಸುವವರನ್ನು ನಾವು ಹಾಗೇ ಕರೆಯುವುದು). ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಮೂರನೇ ಮಾಳಿಗೆಯಿಂದ ಪೇಷಂಟ್ ಇಳಿಸುವಾಗ ಸ್ಟ್ರೆಚರ್ ತಿರುಗುವುದೇ ಇಲ್ಲ, ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಬರಬೇಕು.

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದು, ಮಾಡಿದವರಿಗೆ ಗೊತ್ತು. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ ಅಂತ ಕಲಿಸುವುದೇ ಯಾಕೆ ಅಂದರೆ ದಣಿದ ಕೈ ಆಳಕ್ಕೆ ಹೋಗುವುದಿಲ್ಲ. ದಣಿದವನಿಗೆ ಅದು ಗೊತ್ತೂ ಆಗುವುದಿಲ್ಲ. ಒಮ್ಮೆ ನನ್ನ ಒತ್ತು ಹಗುರ ಆದದ್ದನ್ನು ಪೈಲಟ್ ನೋಡಿ, ಏನೂ ಹೇಳದೆ ನನ್ನ ಭುಜ ಸರಿಸಿ ತಾವು ಕೂತರು. ಆವತ್ತು ಸಂಜೆ ಅವರನ್ನೇ ಕೇಳಿದೆ, "ನಾಳೆ ನೃಪತುಂಗ ಬೆಟ್ಟಕ್ಕೆ ಬರುತ್ತೀರಾ?" ಈಗ ಒಂದೂವರೆ ವರ್ಷ ಆಯಿತು. ಡ್ಯೂಟಿ ಮುಗಿದ ದಿನ ಇಬ್ಬರೂ ಹತ್ತುತ್ತೇವೆ. ನಿಯಮ ಒಂದೇ, ಮುಂದೆ ಹೋದವರು ಕಾಯಬೇಕು.

ಇನ್ನೊಂದು ಮಾತು, ಇದನ್ನು ಮಾತ್ರ ತಡ ಮಾಡಬೇಡಿ. ನಿಮ್ಮ ಅಣ್ಣನಿಗೆ ಬೂದಿ ಬಣ್ಣದ ತುಟಿ, ಕೈಯಲ್ಲಿ ಶಕ್ತಿ ಇಲ್ಲ ಅಂದಿರಿ. ಅದು ಬರೀ ಬಿಸಿಲು ಅಂತ ಬಿಡಬೇಡಿ. ಇಸಿಜಿ, ಬಿಪಿ, ಸಕ್ಕರೆ ಪರೀಕ್ಷೆ ಈ ವಾರವೇ ಆಗಲಿ. ಡಾಕ್ಟರು ಹೂಂ ಅನ್ನುವವರೆಗೆ ಅವರನ್ನು ಓಡಿಸಬೇಡಿ. ಅಮೆರಿಕದಲ್ಲಿ 1994ರಿಂದ 2004ರವರೆಗೆ ಡ್ಯೂಟಿ ಮೇಲೆ ಸತ್ತ ಫೈರ್‌ಮನ್‌ಗಳ ಲೆಕ್ಕ ತೆಗೆದು 2007ರಲ್ಲಿ ಒಂದು ಅಧ್ಯಯನ ಬಂತು. 100ರಲ್ಲಿ 39 ಮಂದಿ ಸತ್ತದ್ದು ಹೃದಯದ ಕಾಯಿಲೆಯಿಂದ. ಬೆಂಕಿ ಆರಿಸುವುದಕ್ಕೆ ಅವರ ಸಮಯದಲ್ಲಿ 100ಕ್ಕೆ 5ಕ್ಕಿಂತ ಜಾಸ್ತಿ ಹೋಗುವುದಿಲ್ಲ. ಆದರೆ ಆ ಹೃದಯದ ಸಾವುಗಳಲ್ಲಿ ಮೂರರಲ್ಲಿ ಒಂದು ಬೆಂಕಿ ಆರಿಸುವಾಗಲೇ ಆಗಿದೆ. ಮಲಗಿದ್ದವರು ಬೆಲ್ಲಿಗೆ ಎದ್ದು ಓಡುತ್ತಾರಲ್ಲ, ಆ ಎಳೆತವೂ ಎದೆಗೆ ಬಹಳ ಜೋರು.

ಹೆಗ್ಗೇರಿ ಕಾಕಾ (ಮಾರ್ಚ್ 10)

ತಮ್ಮಾ, ನಾನು ಲೀಡಿಂಗ್ ಫೈರ್‌ಮನ್ ಆಗಿ ನಿವೃತ್ತಿ ಆದವನು. ಈಗ ಹಾವೇರಿಯಲ್ಲಿ ಇದ್ದೇನೆ.

ಮೊದಲು ಆ ಚಾರ್ಟ್ ತೆಗೆ. ನಾಳೆ ಅಲ್ಲ, ಇವತ್ತೇ. ನಾಲ್ಕು ಮಂದಿ ಮುಂದೆ ಅಲ್ಲ, ಅವರೊಬ್ಬರೇ ಇದ್ದಾಗ "ಅಣ್ಣಾ, ತಪ್ಪಾತು" ಅನ್ನು. ಯಾಕೆ ಅಂಟಿಸಿದೆ ಅಂತ ವಿವರಣೆ ಕೊಡಬೇಡ. ಆವತ್ತು ನೀವು ಗಾಲಿಗೆ ಒರಗಿ ಕೂತದ್ದು ನೋಡಿ ನನಗೆ ಹೆದರಿಕೆ ಆಯಿತು ಅಂತ ಇಷ್ಟೇ ಹೇಳು. ಅದು ನಿಜ ತಾನೆ?

ಈಗ ನನ್ನ ಕಥೆ ಹೇಳುತ್ತೇನೆ. ಹತ್ತಿ ಗೋದಾಮಿಗೆ ಬೆಂಕಿ ಬಿದ್ದಿತ್ತು. ಹತ್ತಿ ಹೊಗೆ ಹೇಗೆ ಅಂತ ನಿನಗೆ ಗೊತ್ತು, ಕೈ ಮುಂದೆ ಚಾಚಿದರೆ ಬೆರಳು ಕಾಣುವುದಿಲ್ಲ. ಬಿಎ ಸೆಟ್, ಅಂದರೆ ಉಸಿರಾಡುವ ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್, ಹಾಕಿಕೊಂಡು ನಾನು ಮತ್ತು ನನ್ನ ಜೋಡಿ ಒಳಗೆ ಹೋದೆವು. ಆಗ ನನ್ನ ತೂಕ 91. ಅವನು ತೆಳ್ಳಗೆ, ದಿನಾ ಸೈಕಲ್ ಹೊಡೆಯುವವನು. ಹತ್ತಿ ಅಂಡಿಗೆಗಳ ನಡುವೆ ಬೆಂಕಿಯ ಬುಡ ಸಿಕ್ಕಿತು. ಇನ್ನೇನು ಬ್ರಾಂಚ್ (ಹೋಸಿನ ತುದಿಯ ನಳಿಗೆ) ತಿರುಗಿಸಬೇಕು, ಅಷ್ಟರಲ್ಲಿ ಗಾಳಿ ಮುಗಿಯುತ್ತ ಬಂತು ಅಂತ ನನ್ನ ಸೆಟ್ಟಿನ ಸೀಟಿ ಹೊಡೆಯಿತು. ಅವನ ಗೇಜ್ ನೋಡಿದರೆ ಇನ್ನೂ ಅರ್ಧದ ಹತ್ತಿರ ಗಾಳಿ ಇತ್ತು. ಆದರೆ ಇಬ್ಬರು ಒಳಗೆ ಹೋದರೆ ಇಬ್ಬರೂ ಹೊರಗೆ ಬರಬೇಕು. ಬಂದೆವು. ಇನ್ನೊಂದು ಜೋಡಿ ಒಳಗೆ ಹೋಗುವಷ್ಟರಲ್ಲಿ ಬೆಂಕಿ ಆ ಕಡೆ ಗೋಡೆ ದಾಟಿತ್ತು.

ಲೆಕ್ಕ ಮಾಡಿ ನೋಡು. 6.8 ಲೀಟರ್ ಸಿಲಿಂಡರ್, 300 ಬಾರ್ ಒತ್ತಡ, ಅಂದರೆ 2040 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಳೆಯುವವನಿಗೆ 51 ನಿಮಿಷ. ಏದುಸಿರು ಬಿಡುತ್ತಾ 80 ಎಳೆಯುವವನಿಗೆ 25 ನಿಮಿಷ. ಅದರಲ್ಲೂ ಒತ್ತಡ 55 ಬಾರ್‌ಗೆ ಇಳಿದಾಗ ಸೀಟಿ ಹೊಡೆಯುತ್ತದೆ, ಅಷ್ಟು ಉಳಿಸಿಕೊಂಡೇ ಹೊರಗೆ ಬರಬೇಕು. ಸಿಲಿಂಡರ್ ಎರಡೂ ಒಂದೇ ಅಳತೆಯವು. ನನ್ನ ದಮ್ಮು ಕಮ್ಮಿ ಆದದ್ದಕ್ಕೆ ಅವನ ಸಿಲಿಂಡರೂ ಅಷ್ಟಕ್ಕೇ ಮುಗಿಯಿತು.

ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಮಾರನೇ ದಿನ ಬೆಳಗಿನ ಐದೂವರೆಗೆ ನಮ್ಮ ಮನೆ ಮುಂದೆ ಸೈಕಲ್ ಗಂಟೆ ಕೇಳಿಸಿತು. ಬಾಗಿಲು ತೆಗೆದರೆ ಅವನು ನಿಂತಿದ್ದ. "ಚಾ ಆತೇನು?" ಅಂದ. ಆಗಿಲ್ಲ ಅಂದೆ. "ಹಂಗಾರ ಕೆರಿ ತನಕಾ ಹೋಗಿ ಬಂದು ಕುಡಿಯೂಣು ಬಾ" ಅಂದ. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡು ನನ್ನ ಜೊತೆ ನಡೆದ. ಹೆಗ್ಗೇರಿ ಕೆರೆಯ ದಂಡೆ ತನಕ. ಅವನಿಗೆ ನಡೆಯುವ ಅಗತ್ಯವೇ ಇರಲಿಲ್ಲ. 40 ದಿನ ಹೀಗೇ ಬಂದ. 41ನೇ ದಿನ ನಾನೇ ಅವನ ಮನೆ ಮುಂದೆ ನಿಂತಿದ್ದೆ. ಅದಕ್ಕೇ ಹೇಳುತ್ತೇನೆ, ವಾಟ್ಸಾಪ್ ಬಿಡು, ಮನೆ ಬಾಗಿಲಿಗೆ ಹೋಗು. ಒಬ್ಬರ ಮನೆಗೆ ಹೋದರೆ ಸಾಕು, ಐದು ಮಂದಿಯನ್ನು ಒಂದೇ ದಿನ ಎಬ್ಬಿಸಲು ಹೋಗಬೇಡ.

ಇನ್ನು ನಿಮ್ಮ ಅಣ್ಣನ ವಿಷಯ. ನಮ್ಮ ಕಡೆ ಗರಡಿ ಮನೆ ನೋಡಿದ್ದೀಯಲ್ಲ. ಕುಸ್ತಿ ಕಲಿಸುವ ವಸ್ತಾದಿಗೆ ವಯಸ್ಸಾಗಿರುತ್ತದೆ, ಅವನು ಕುಸ್ತಿ ಹಿಡಿಯುವುದಿಲ್ಲ. ಆದರೆ ಅವನು ಬಂದು ಕೂರುವವರೆಗೆ ಯಾರೂ ಮಣ್ಣಿಗೆ ಇಳಿಯುವುದಿಲ್ಲ. ಹುಡುಗರು ಬಸ್ಕಿ, ದಂಡ ಹೊಡೆಯುವುದು ಅವನ ಕಣ್ಣ ಮುಂದೆ. ನಿಮ್ಮ ಅಣ್ಣನನ್ನು ಆ ಜಾಗದಲ್ಲಿ ಕೂರಿಸಿ. ಅವರ ಕೈಗೆ ಗಡಿಯಾರ ಕೊಡಿ. ಹೋಸ್ ಬಿಚ್ಚುವುದು, ಜೋಡಿಸುವುದು, ಸುತ್ತಿ ಹೆಗಲಿಗೆ ಹಾಕಿ ಓಡುವುದು, ಏಣಿ ಎತ್ತುವುದು, ಒಬ್ಬನನ್ನು ಹೆಗಲ ಮೇಲೆ ಹೊತ್ತು ಅಂಗಳ ದಾಟುವುದು, ಇದೆಲ್ಲ ಕಸರತ್ತೇ ಅಲ್ವಾ? ಜಿಮ್ಮಿಗೆ ದುಡ್ಡು ಕೊಡಬೇಕಿಲ್ಲ. ಯಾರ ಗಂಟು ಸರಿ ಇಲ್ಲ, ಯಾರ ಬೆನ್ನು ಬಗ್ಗಿದೆ ಅಂತ ಅವರೇ ಹೇಳಲಿ. ಹೇಳುತ್ತಾ ಹೇಳುತ್ತಾ ಒಂದು ದಿನ ತಾವೇ ಎದ್ದು ತೋರಿಸುತ್ತಾರೆ.

ನೆಪ ಬೇಕಾದರೆ ಏಪ್ರಿಲ್ 14 ಬರುತ್ತಿದೆ. 1944ರಲ್ಲಿ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ 66 ಮಂದಿ ಅಗ್ನಿಶಾಮಕರ ನೆನಪಿನ ದಿನ. ಆ ವಾರ ಶಾಲೆ, ಕಾಲೇಜು, ಬಸ್ ಸ್ಟ್ಯಾಂಡ್ ಅಂತ ಡೆಮೊ ಇದ್ದೇ ಇರುತ್ತದೆ. ಅದಕ್ಕೆ ತಯಾರಿ ಅಂತ ಶುರು ಮಾಡು. ತೂಕದ ಮಾತೇ ಎತ್ತಬೇಡ.

ಸಾಧನಕೇರಿ ಅಕ್ಕ (ಮಾರ್ಚ್ 11)

ನಾನು ಸಿಬ್ಬಂದಿ ಅಲ್ಲ, ಧಾರವಾಡದಲ್ಲಿ ಫೈರ್‌ಮನ್ ಒಬ್ಬರ ಮನೆಯವಳು. ನೀವೆಲ್ಲ ಕಸರತ್ತಿನ ಮಾತೇ ಆಡುತ್ತಿದ್ದೀರಿ, ಊಟ ನಿದ್ದೆ ಬಗ್ಗೆ ಯಾರೂ ಹೇಳಲಿಲ್ಲ.

2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. 19 ಜನ ಹೋದರು. ನಮ್ಮವರು ಅಲ್ಲಿದ್ದರು. ಮನೆಗೆ ಬಂದಾಗ ಕೂದಲು, ಹುಬ್ಬು ಎಲ್ಲ ಸಿಮೆಂಟ್ ಧೂಳು. ತಟ್ಟೆ ಇಟ್ಟರೆ ರೊಟ್ಟಿ ಮುರಿಯಲು ಬೆರಳು ಮಡಚುತ್ತಿರಲಿಲ್ಲ. ನಾನೇ ಮುರಿದು ಕೊಟ್ಟೆ. ಮೈಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಇದ್ದಿದ್ದರೆ ಇನ್ನೊಂದು ತಾಸು ನಿಲ್ಲುತ್ತಿದ್ದೆ ಅಂದರು. ಅದೊಂದು ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

ರಾತ್ರಿ ಮೂರಕ್ಕೆ ಕಾಲ್ ಮುಗಿಸಿ ಬಂದವರಿಗೆ ಹಸಿವು ಇರುತ್ತದೆ. ಆಗ ಸಿಗುವುದು ಬಿಸ್ಕೀಟು, ಚಹಾ, ಸಂಜೆ ತಂದ ಮಿರ್ಚಿ. ನಾನು ಡಬ್ಬಿ ಬೇರೆ ಕಟ್ಟಲು ಶುರು ಮಾಡಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಬಂದ ಮಡಿಕಿ ಕಾಳು, ಒಂದು ಬಾಟಲಿ ಮಜ್ಜಿಗೆ. ಖಡಕ್ ರೊಟ್ಟಿ ಕೆಡುವುದಿಲ್ಲ, ಮೂರು ಗಂಟೆಗೂ ಹಾಗೇ ಇರುತ್ತದೆ. ಈಗ ಅವರ ಶಿಫ್ಟಿನ ಎಲ್ಲರ ಮನೆಯಿಂದಲೂ ಒಂದೊಂದು ಬರುತ್ತದೆ. ನಿಮ್ಮ ಅಣ್ಣನ ಮನೆಯವರ ಜೊತೆ ನಿಮ್ಮ ಮನೆಯವರು ಒಮ್ಮೆ ಮಾತಾಡಲಿ. ಡಾಕ್ಟರ ಹತ್ತಿರ ಹೋಗುವ ವಿಷಯ ನೀವು ಹೇಳಿದರೆ ನಡೆಯಲಿಕ್ಕಿಲ್ಲ, ಅವರು ಹೇಳಿದರೆ ನಡೆಯುತ್ತದೆ.

ಬೆಟಗೇರಿ ಫೈರ್‌ಮನ್ (ಜೂನ್ 16)

ಇಷ್ಟು ದಿನ ಬರೆಯಲಿಲ್ಲ, ತಪ್ಪು ತಿಳಿಯಬೇಡಿ. ಬೇಸಿಗೆ ಮುಗಿಯುವವರೆಗೆ ಕಾಲ್ ಮೇಲೆ ಕಾಲ್ ಇತ್ತು.

ಚಾರ್ಟ್ ಅವತ್ತೇ ತೆಗೆದೆ. ತಪ್ಪಾಯಿತು ಅಂದಾಗ ಅಣ್ಣ ಸುಮ್ನೆ ನನ್ನ ಬೆನ್ನು ತಟ್ಟಿದರು. ಡಾಕ್ಟರ ಹತ್ತಿರ ಹೋಗುವ ಮಾತು ಸಾಧನಕೇರಿ ಅಕ್ಕ ಹೇಳಿದ ಹಾಗೇ ಆಯಿತು. ಅತ್ತಿಗೆ ಹೇಳಿದ ಮೂರನೇ ದಿನಕ್ಕೆ ಹೋದರು. ಇಸಿಜಿಯಲ್ಲಿ ದೋಷ ಕಾಣಲಿಲ್ಲ, ಬಿಪಿ ಮತ್ತು ಸಕ್ಕರೆ ಎರಡೂ ಜಾಸ್ತಿ ಇತ್ತು. ಮಾತ್ರೆ ಶುರುವಾಗಿದೆ. ಡಾಕ್ಟರು ಮೊದಲ ತಿಂಗಳು ಬರೀ ನಡಿಗೆ ಅಂದರು. ಬೆಳಿಗ್ಗೆ ಅವರ ಮನೆ ಮುಂದೆ ನಿಂತು ಚಹಾ ಆಯಿತಾ ಅಂತ ಕೇಳಿದೆ. ಕಾಕಾ, ನಿಮ್ಮ ಮಾತನ್ನೇ ಕದ್ದೆ. ಇಬ್ಬರೂ ಭೀಷ್ಮ ಕೆರೆ ತನಕ ಹೋಗಿ ಬರುತ್ತೇವೆ. ಮೊದಲ ವಾರ ಏನೂ ಮಾತಿಲ್ಲ. ಎರಡನೇ ವಾರ ಹಳೇ ಕಾಲ್‌ಗಳ ಕಥೆ ಹೇಳಲು ಶುರು ಮಾಡಿದರು. 2019ರ ಪ್ರವಾಹದಲ್ಲಿ ಕೊಣ್ಣೂರಿನ ಕಡೆ ಬೋಟ್ ಒಯ್ದದ್ದು, ಮಾಳಿಗೆ ಮೇಲಿಂದ ಜನರನ್ನು ಇಳಿಸಿಕೊಂಡದ್ದು. ಅಷ್ಟು ವರ್ಷ ಜೊತೆಗಿದ್ದರೂ ನಾನು ಅದನ್ನೆಲ್ಲ ಕೇಳಿರಲೇ ಇಲ್ಲ.

ಏಪ್ರಿಲ್ ವಾರದ ಡೆಮೊಗೆ ಅಂತ ಅಂಗಳದಲ್ಲಿ ಡ್ರಿಲ್ ಶುರುವಾಯಿತು. ಅಣ್ಣ ಒಂದು ಕಡೆ ಕೂತು ಗಡಿಯಾರ ಹಿಡಿದರು. ಹೋಸ್ ಹೊತ್ತು ಓಡಿ, ಜೋಡಿಸಿ, ನೀರು ಬರುವವರೆಗೆ ಮೊದಲ ದಿನ ನನಗೆ 1 ನಿಮಿಷ 50 ಸೆಕೆಂಡ್. ಈಗ 1 ನಿಮಿಷ 10. ಹೋದ ವಾರ ಅಣ್ಣ ಗಡಿಯಾರ ನನ್ನ ಕೈಗೆ ಕೊಟ್ಟು ಹೋಸ್ ಎತ್ತಿಕೊಂಡರು. ಓಡಲಿಲ್ಲ, ನಡೆದರು. ಆದರೆ ಜೋಡಣೆಯಲ್ಲಿ ನಮ್ಮೆಲ್ಲರಿಗಿಂತ ಚುರುಕು. ಕಣ್ಣು ಬೇರೆ ಕಡೆ ಇದ್ದರೂ ಕೈ ತಾನೇ ತಿರುಗಿಸಿ ಖಟ್ ಅನಿಸಿತು.

ಆರರಲ್ಲಿ ನಾಲ್ಕು ಮಂದಿ ಬರುತ್ತೇವೆ. ಇಬ್ಬರು ಇನ್ನೂ ಬಂದಿಲ್ಲ. ಅದರಲ್ಲಿ ಒಬ್ಬನ ಮನೆ ನರಗುಂದ ಕಡೆ, ದಿನಾ ಬಸ್ಸಿನಲ್ಲಿ ಓಡಾಡುತ್ತಾನೆ, ಅವನ ಮನೆ ಬಾಗಿಲಿಗೆ ಹೋಗಲು ಆಗುವುದಿಲ್ಲ. ಅವನಿಗೆ ಹೇಗೆ ಹೇಳಲಿ ಕಾಕಾ? ಮಳೆಯೂ ಶುರುವಾಯಿತು, ಅಂಗಳವೆಲ್ಲ ಕೆಸರು.

ಹೆಗ್ಗೇರಿ ಕಾಕಾ (ಜೂನ್ 16)

ಮಳೆ ಬಂದರೆ ಗಾಡಿ ನಿಲ್ಲಿಸುವ ಶೆಡ್ ಸಾಕು. ಗಾಡಿ ಹೊರಗೆ ತೆಗೆದು ನಿಲ್ಲಿಸಿ, ಒಳಗೆ ಬಸ್ಕಿ, ದಂಡ. ಒದ್ದೆ ನೆಲದ ಮೇಲೆ ಹೆಗಲಲ್ಲಿ ಜನ ಹೊರಬೇಡಿ, ಕಾಲು ಜಾರುತ್ತದೆ. ಅಣ್ಣನಿಗೆ ಬಸ್ಕಿ ಅರ್ಧಕ್ಕೇ ಇರಲಿ, ಆ ವಯಸ್ಸಿನಲ್ಲಿ ಮೊಣಕಾಲು ಕೇಳುವುದಿಲ್ಲ.

ಆ ಹುಡುಗನನ್ನು ಡ್ಯೂಟಿಗೆ ಬಂದಾಗಲೇ ಹಿಡಿ. ಕಸರತ್ತಿಗೆ ಬಾ ಅನ್ನಬೇಡ. ಡ್ರಿಲ್ಲಿನಲ್ಲಿ ಅವನನ್ನು ನಿನ್ನ ಜೋಡಿ ಮಾಡಿಕೊ. ಇಬ್ಬರೂ ಬಿಎ ಸೆಟ್ ಹಾಕಿಕೊಂಡು ಅಂಗಳದಲ್ಲಿ ಹತ್ತು ನಿಮಿಷ ಕೆಲಸ ಮಾಡಿ, ಆಮೇಲೆ ಇಬ್ಬರ ಗೇಜನ್ನೂ ಒಟ್ಟಿಗೆ ಅವನ ಮುಂದೆ ಹಿಡಿ. ನೀನು ಏನೂ ಹೇಳಬೇಡ, ಅವನೇ ಓದಿಕೊಳ್ಳಲಿ.

ಬೆಟಗೇರಿ ಫೈರ್‌ಮನ್ (ಜೂನ್ 16)

ಆಯಿತು ಕಾಕಾ. ಶುಕ್ರವಾರ ಅವನ ಡ್ಯೂಟಿ ಇದೆ. ಸಿಲಿಂಡರ್ ಎರಡೂ ತುಂಬಿಸಿ ಇಡುತ್ತೇನೆ.