ಗೆಳತಿಯ ಸಾಲಕ್ಕೆ ಸಹಿ ಹಾಕಲೇ? – ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಹನ್ನೆರಡು ವರ್ಷಗಳ ಗೆಳತಿ ಹೊಲಿಗೆ ಅಂಗಡಿ ದೊಡ್ಡದು ಮಾಡಲು ಪತ್ತಿನ ಸಹಕಾರ ಸಂಘದಲ್ಲಿ 4 ಲಕ್ಷ ರೂಪಾಯಿ ಸಾಲ ಕೇಳಿದ್ದಾಳೆ. ಜಾಮೀನಿಗೆ ನನ್ನ ಸಹಿ ಬೇಕಂತೆ. ಅವಳ ತಾಯಿಯ ಆಸ್ಪತ್ರೆ, ಮಕ್ಕಳ ಪಾಠ ಎಲ್ಲಕ್ಕೂ ಓಡಾಡಿದವಳು ನಾನು. ಮೂರು ವರ್ಷಗಳ ಹಿಂದೆ ಕೊಟ್ಟ 15 ಸಾವಿರ ಇನ್ನೂ ಬಂದಿಲ್ಲ. ಹಿಂಜರಿದರೆ ‘ನನ್ನ ಮೇಲೆ ನಂಬಿಕೆಯಿಲ್ಲವೇ?’ ಎನ್ನುತ್ತಾಳೆ. ಏನು ಹೇಳಲಿ?

ತಂಗಿ, ಪತ್ತಿನ ಸಂಘವೊಂದರಲ್ಲಿ 28 ವರ್ಷ ದುಡಿದು ನಿವೃತ್ತನಾದವನು ನಾನು. ಜಾಮೀನು ಪತ್ರವನ್ನು ಪೂರ್ತಿ ಓದಿ ಸಹಿ ಹಾಕಿದವರನ್ನು ಕಂಡದ್ದು ತೀರ ಕಡಿಮೆ. ಸಾಕ್ಷಿ ಸಹಿಯಂತೆ ಇದೂ ಒಂದು ಎಂದುಕೊಂಡು ಬರುತ್ತಾರೆ. ಅದು ಸಾಕ್ಷಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ‘ಮೊದಲು ಅವಳ ಹೊಲಿಗೆ ಯಂತ್ರ ಜಪ್ತಿ ಮಾಡಿ, ಆಮೇಲೆ ನನ್ನ ಬಳಿ ಬನ್ನಿ’ ಎಂದು ನೀವು ವಾದಿಸಲಾಗದು. ಅಸಲು ಮಾತ್ರವಲ್ಲ, ಬಡ್ಡಿ, ಸುಸ್ತಿ ಬಡ್ಡಿ, ದಾವೆಯ ಖರ್ಚು ಎಲ್ಲವೂ ನಿಮ್ಮ ತಲೆಗೆ ಬರಬಹುದು. ಸಂಘದವರು ಸಂಬಳದಾರರನ್ನೇ ಹುಡುಕುವುದಕ್ಕೂ ಕಾರಣವಿದೆ: ಅಂಗಡಿಯ ಗಳಿಕೆ ಏರಿಳಿಯುತ್ತದೆ, ಸಂಬಳ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಸಂಬಳದಿಂದ ಕಡಿತ ಮಾಡಲು ಒಪ್ಪಿಗೆ ಪತ್ರವನ್ನೂ ಎಷ್ಟೋ ಕಡೆ ಅದೇ ಕಾಗದದ ಕಟ್ಟಿನಲ್ಲಿ ಬರೆಸಿಕೊಳ್ಳುತ್ತಾರೆ.

ನೀವು ತೀರಿಸಿದ ಹಣವನ್ನು ಗೆಳತಿಯಿಂದ ವಸೂಲು ಮಾಡುವ ಹಕ್ಕನ್ನು ಕಾನೂನು ಕೊಡುತ್ತದೆ, ನಿಜ. ಆದರೆ ಕೈಯಲ್ಲಿ ಕಾಸಿಲ್ಲದೆ ಸುಸ್ತಿದಾರಳಾದವಳಿಂದ ಏನನ್ನು ವಸೂಲು ಮಾಡುತ್ತೀರಿ? ಅವಳ ಮೇಲೆಯೇ ದಾವೆ ಹೂಡುತ್ತೀರಾ? ಅವಳ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ನಿಮ್ಮ ನಂಬಿಕೆ ಅವಳಿಗೆ ಕಾಣಿಸಲಿಲ್ಲವೇ? ಅದನ್ನು 4 ಲಕ್ಷದ ಸಹಿಯಿಂದ ಮತ್ತೆ ಸಾಬೀತು ಮಾಡಬೇಕಾಗಿಲ್ಲ. ಮೊದಲು ಆ 15 ಸಾವಿರದ ಮಾತು ತೆಗೆಯಿರಿ. ತಿಂಗಳಿಗೆ ಐನೂರರಂತೆ ಕೊಡಲು ಒಪ್ಪುತ್ತಾಳೆಯೇ, ಮುಖ ತಿರುಗಿಸುತ್ತಾಳೆಯೇ ನೋಡಿ.
– ನಿವೃತ್ತ ಕಾರ್ಯದರ್ಶಿ, ಹಾವೇರಿ

ನಾನು ಸಹಿ ಹಾಕಿದವಳು. ಸಹೋದ್ಯೋಗಿಗೆ ಮಗಳ ಮದುವೆಯ ಸಾಲ, ನನಗೆ ಸಂಕೋಚ. ಒಂದು ವರ್ಷದ ಬಳಿಕ ಕಚೇರಿಯ ವಿಳಾಸಕ್ಕೆ ನನ್ನ ಹೆಸರಿನಲ್ಲಿ ನೋಟಿಸ್ ಬಂತು. ಎರಡೂವರೆ ವರ್ಷ ಕಂತು ಕಟ್ಟಿದೆ. ಮನೆ ಕಟ್ಟಲು ನಾವು ಸಾಲ ಕೇಳಿದಾಗ ನಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಅದೇ ಸಾಲ ನನ್ನ ಹೆಸರಿನ ಎದುರು ಕುಳಿತಿತ್ತು. ಹಣದ ನೋವು ಕಳೆಯಿತು. ಈಗ ಸಂತೆಯಲ್ಲಿ ನನ್ನನ್ನು ಕಂಡರೆ ಅವರು ಬೇರೆ ಸಾಲಿಗೆ ಹೊರಳುತ್ತಾರಲ್ಲ, ಅದು ಇನ್ನೂ ಚುಚ್ಚುತ್ತದೆ. ಸಹಿ ಹಾಕದಿದ್ದರೆ ಗೆಳೆತನ ಹೋಗುತ್ತದೆ ಎಂದು ಹೆದರಿದ್ದೆ. ಹಾಕಿದ್ದರಿಂದಲೇ ಹೋಯಿತು.
– ಓದುಗಿ, ತಿಪಟೂರು

ನಿಮ್ಮ ಗೆಳತಿಯ ಜಾಗದಲ್ಲಿದ್ದವಳು ನಾನು, ನನ್ನದೂ ಹೊಲಿಗೆಯೇ. ಬಾಲ್ಯದ ಸ್ನೇಹಿತೆ ಜಾಮೀನಿಗೆ ಒಲ್ಲೆ ಎಂದಾಗ ಆರು ತಿಂಗಳು ಅವಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವಳೇ ಬಂದಳು. ಎರಡು ಭಾನುವಾರ ಕುಳಿತು ಅಂಗಡಿಯ ಲೆಕ್ಕ ಬರೆದುಕೊಟ್ಟಳು. ದಾರ, ಗುಂಡಿ, ಬಾಡಿಗೆ, ಕರೆಂಟ್ ಬಿಲ್ಲು ಕಳೆದು ಏನು ಉಳಿಯುತ್ತದೆಂದು ಆವರೆಗೂ ನನಗೇ ತಿಳಿದಿರಲಿಲ್ಲ! ನಾನು ಕೇಳಿದ್ದ ಸಾಲದ ಕಂತು ನನ್ನ ಉಳಿತಾಯಕ್ಕಿಂತ ಹೆಚ್ಚಾಗುತ್ತಿತ್ತು. ಕಡೆಗೆ ಸಣ್ಣ ಉದ್ಯೋಗಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50 ಸಾವಿರ ಪಡೆದೆ. ಅಡಮಾನ ಇರಲಿಲ್ಲ, ನನ್ನೊಬ್ಬಳದೇ ಸಹಿ. ಅದು ತೀರಿದ ಮೇಲೆ ‘ಕಿಶೋರ’ದಲ್ಲಿ ಇನ್ನಷ್ಟು. ಅದರಲ್ಲಿ 5 ಲಕ್ಷದವರೆಗೂ ಅವಕಾಶವಿದೆ. ನಿಮ್ಮ ಗೆಳತಿಯೂ ಅಲ್ಲಿ ಕೇಳಲಿ. ನಿಮಗೆ ಲೆಕ್ಕ ಬರೆಯಲು ಬರುತ್ತದೆ, ಅರ್ಜಿ ತುಂಬಲು ಬರುತ್ತದೆ. ಅವಳು ಬ್ಯಾಂಕಿಗೆ ಹೋಗುವ ದಿನ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿ.
– ಹೊಲಿಗೆಯವಳು, ಸಾಗರ