ಸಾಲ್‌ಸ್ಟಿಸ್ ತಂಡದ ‘ವೈಟ್ ಹಾರ್ಸ್ ಹಿಲ್’: ಇಷ್ಟೊಂದು ನಿಧಾನ ಏಕೆ?

ಫೋಂಡಾದ ಹೊಸಬ:
ಡೂಮ್ ಮೆಟಲ್, ಅಂದರೆ ನಿಧಾನ ಲಯದ ಭಾರವಾದ ರಾಕ್ ಸಂಗೀತಕ್ಕೆ ನಾನು ಬಂದದ್ದು ಸ್ವೀಡನ್ನಿನ ಕ್ಯಾಂಡಲ್‌ಮಾಸ್ ತಂಡದ 1986ರ ಮೊದಲ ಆಲ್ಬಮ್ ಮೂಲಕ. ಅದು ಕೇಳಿದ ಕೂಡಲೇ ಹಿಡಿಸಿತು. ‘ಎಪಿಕ್ ಡೂಮ್ (ಅದರಲ್ಲೇ ವೀರಗಾಥೆಯಂಥ ಬಗೆ) ಬೇಕಾದರೆ ಇಂಗ್ಲೆಂಡಿನವರನ್ನೂ ಕೇಳು’ ಎಂದು ಕಚೇರಿಯ ಗೆಳೆಯರೊಬ್ಬರು 2018ರ ಈ ಆಲ್ಬಮ್ಮಿನ ಹೆಸರು ಹೇಳಿದರು. ಫೋಂಡಾದಿಂದ ಪಣಜಿಗೆ ಹೋಗುವ ಬಸ್ಸಿನಲ್ಲಿ ಮೂರು ದಿನ ಕೇಳಿದ್ದೇನೆ. ಗಾಯಕ ಬಾಯಿ ತೆರೆಯುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ. ನನ್ನ ಕಿವಿಯ ದೋಷವೋ, ಆಲ್ಬಮ್ಮಿನದೋ?

ವಾಸ್ಕೋದ ವೆಲ್ಡರ್:
ದೋಷ ಬಸ್ಸಿನದು. ಕಿಟಕಿಯಾಚೆ ಮರ, ಮನೆ, ಸ್ಕೂಟರ್ ಎಲ್ಲವೂ ಓಡುತ್ತಿರುವಾಗ ಈ ಸಂಗೀತ ನಿಂತ ನೀರಿನಂತೆ ಕೇಳುತ್ತದೆ. ಮನೆಯಲ್ಲಿ, ರಾತ್ರಿ, ಬೇರೇನೂ ಮಾಡದೆ ಕೇಳಿ.

ನಾನು ರಾಣೆಬೆನ್ನೂರಿನ ಕಡೆಯವನು. ಹದಿನಾಲ್ಕು ವರ್ಷದಿಂದ ಇಲ್ಲಿ ಹಡಗು ದುರಸ್ತಿಯ ಕೆಲಸ. ಈ ಆಲ್ಬಮ್ಮನ್ನು ಮೊದಲ ಎರಡು ವಾರ ಬಲಗಡೆ ಸತ್ತುಹೋಗಿದ್ದ ಇಯರ್‌ಫೋನಿನಲ್ಲಿ ಕೇಳಿದೆ. ಆಗಲೂ ಚೆನ್ನಾಗಿಯೇ ಇದೆ ಎನಿಸಿತ್ತು. ಹೊಸದು ಕೊಂಡು ಹಾಕಿದ ರಾತ್ರಿ ಎದ್ದು ಕುಳಿತುಬಿಟ್ಟೆ. ಇನ್ನೊಂದು ಗಿಟಾರ್ ಅಷ್ಟೂ ದಿನ ಬಲಗಡೆ ಅಡಗಿ ಕುಳಿತಿತ್ತು! ಎಡಗಡೆಯದು ಒಂದು ರಾಗದ ಎಳೆ ಹಿಡಿದರೆ ಬಲಗಡೆಯದು ಅದೇ ಎಳೆಯನ್ನು ತುಸು ಮೇಲಿನ ಸ್ವರದಲ್ಲಿ ಹಿಡಿದು ಜೊತೆಗೇ ನಡೆಯುತ್ತದೆ. ಎರಡೂ ಬೇರೆಯಾಗುವ, ಮತ್ತೆ ಕೂಡುವ ಜಾಗಗಳಲ್ಲೇ ಈ ತಂಡದ ಜೀವವಿದೆ. ವೇಗವಾಗಿ ಬಾರಿಸಿದ್ದರೆ ಆ ಜಾಗಗಳು ಕಿವಿಗೆ ಬೀಳುತ್ತಲೇ ಇರಲಿಲ್ಲ. ನಿಮ್ಮ ‘ಏಕೆ’ಗೆ ನನ್ನ ಉತ್ತರ ಇದೇ. ಅಂದ ಹಾಗೆ ಸಾಲ್‌ಸ್ಟಿಸ್ ಎಂಬುದು ಲ್ಯಾಟಿನ್ ಮೂಲದ ಮಾತು, ಸೂರ್ಯ ನಿಲ್ಲುವುದು ಎಂದು ಅರ್ಥ. ಹೆಸರಿನಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ.

ಇನ್ನು ಆಲ್ಬಮ್ಮಿನ ಹೆಸರಿನಲ್ಲಿರುವ ಆ ಬಿಳಿ ಕುದುರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಅಫಿಂಗ್ಟನ್ ಎಂಬ ಊರಿನ ಗುಡ್ಡದ ಮೇಲೆ ಸುಮಾರು 110 ಮೀಟರ್ ಉದ್ದದ ಬಿಳಿ ಕುದುರೆ ಇದೆ. ಹುಲ್ಲು ಕೆತ್ತಿ, ಕಂದಕ ತೋಡಿ, ಅದರೊಳಗೆ ಸೀಮೆಸುಣ್ಣದ ಕಲ್ಲನ್ನು ಕುಟ್ಟಿ ತುಂಬಿದ ಆಕೃತಿ. ವಯಸ್ಸು ಹೆಚ್ಚು ಕಡಿಮೆ ಮೂರು ಸಾವಿರ ವರ್ಷ. ಹಾಗೇ ಬಿಟ್ಟರೆ ಕೆಲವೇ ದಶಕಗಳಲ್ಲಿ ಹುಲ್ಲು ಅದನ್ನು ನುಂಗಿಬಿಡುತ್ತದೆ. ಅದಕ್ಕೇ ತಲೆಮಾರುಗಳಿಂದ ಜನ ಗುಡ್ಡ ಹತ್ತಿ ಕಳೆ ಕಿತ್ತು, ಮಂಡಿಯೂರಿ ಕುಳಿತು, ಸುತ್ತಿಗೆಯಿಂದ ಹೊಸ ಸುಣ್ಣ ಕುಟ್ಟುತ್ತ ಬಂದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಗಳಿಗೆ ಗುರುತಾಗಬಾರದೆಂದು ಮುಚ್ಚಿ, ಯುದ್ಧ ಮುಗಿದ ಮೇಲೆ ಮತ್ತೆ ತೆರೆದರಂತೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಗೋವಾದ ಉಸಗಳಿಮಳ, ಪ್ರಾಚೀನ ಕಲ್ಲುಕೆತ್ತನೆಗಳ ಜಾಗ. ಒಂದು ಜನವರಿಯ ಭಾನುವಾರ ಕೇಪೆ, ರಿವಣ ದಾಟಿ ಸ್ಕೂಟರಿನಲ್ಲಿ ಹೋಗಿದ್ದೆ. ಕುಶಾವತಿ ನದಿಯ ದಂಡೆಯಲ್ಲಿ ಜಂಬಿಟ್ಟಿಗೆ ಹಾಸುಗಲ್ಲು. ಮಟಮಟ ಮಧ್ಯಾಹ್ನ, ಕಲ್ಲಿನಲ್ಲಿ ಏನೂ ಕಾಣಲಿಲ್ಲ, ಬರೀ ಕೆಂಪು. ಅಲ್ಲಿದ್ದ ವೃದ್ಧರೊಬ್ಬರು ನನ್ನ ಬಾಟಲಿಯನ್ನೇ ಇಸಿದುಕೊಂಡು ಒಂದು ಕಡೆ ನೀರು ಸುರಿದು ಅಂಗೈಯಿಂದ ಉಜ್ಜಿದರು. ಒದ್ದೆ ಗೆರೆಯಲ್ಲಿ ಮೊದಲು ಕೊಂಬು, ಆಮೇಲೆ ಹಿಣಿಲು, ಆಮೇಲೆ ಇಡೀ ಗೂಳಿ ಎದ್ದು ಬಂತು. ಬಿಸಿಲಿಗೆ ಎರಡೇ ನಿಮಿಷದಲ್ಲಿ ಮತ್ತೆ ಮಾಯ. ಇನ್ನೊಮ್ಮೆ ಸುರಿದರು.

ಆಲ್ಬಮ್ಮಿನ ಶೀರ್ಷಿಕೆ ಗೀತೆಯಲ್ಲಿ ಗಿಟಾರ್ ಅದೇ ಗೆರೆಗೆ ಮರಳಿ ಬಂದಾಗಲೆಲ್ಲ ನನಗೆ ಆ ಅಂಗೈ ಕಾಣುತ್ತದೆ. ನಿಮಗೆ ಕಾಣಬೇಕೆಂದಿಲ್ಲ.

ಕ್ಯಾಂಡಲ್‌ಮಾಸ್‌ನವರ ಗಾಯನ ಕಲ್ಲಿನ ಗುಡಿಯೊಳಗೆ ಮೊಳಗಿದಂತಿರುತ್ತದೆ. ಇಲ್ಲಿ ಪಾಲ್ ಕರ್ನ್ಸ್ ಬಯಲಿನಲ್ಲಿ ಎದುರುಗಾಳಿಗೆ ಹಾಡುತ್ತಾನೆ. ಸಾವಿನ ಬಗ್ಗೆ ಹಾಡಿದರೂ ಅಳುವುದಿಲ್ಲ. ಅಲೆಗಳ ಅಡಿಯಲ್ಲಿ ಮಲಗಿರುವ ತಮ್ಮವರ ಕುರಿತ ಉದ್ದನೆಯ ಹಾಡೊಂದಿದೆ, ಮಳೆಗಾಲದಲ್ಲಿ ಬಂದರಿನ ಬಳಿ ಅದನ್ನು ಕೇಳುವ ಧೈರ್ಯ ನನಗಿಲ್ಲ. ಆರಂಭದ ವಾದ್ಯ ತುಣುಕು ಇಲ್ಲದಿದ್ದರೂ ನಡೆಯುತ್ತಿತ್ತು ಎನ್ನುವುದು ನನ್ನ ಒಂದೇ ತಕರಾರು.

ಮಾಟುಂಗಾದ ಮಾಣಿ:
ಕುದುರೆ, ಗೂಳಿ ಎಲ್ಲ ಸರಿ. ಆದರೆ ಹೊಸಬರಿಗೆ ಇದೇ ತಂಡದ 1998ರ ‘ನ್ಯೂ ಡಾರ್ಕ್ ಏಜ್’ ಬಿಟ್ಟು ಇದನ್ನು ಮೊದಲು ಕೊಡುವುದು ಊಟದ ಎಲೆಗೆ ಮೊದಲು ಮಜ್ಜಿಗೆ ಬಡಿಸಿದ ಹಾಗೆ. ಅದರಲ್ಲಿ ಮಾರಿಸ್ ಇಂಗ್ರಮ್ ಹಾಡಿದ್ದಾನೆ. ಆ ಕಂಠಕ್ಕೆ ತೂಕವಿದೆ, ಎದೆಯಿದೆ. ಕರ್ನ್ಸ್ ನನಗೆ ತೆಳು.

ವಾಸ್ಕೋದ ವೆಲ್ಡರ್:
ತೂಕದ ಮಾತು ಒಪ್ಪುತ್ತೇನೆ. ಇಂಗ್ರಮ್ ಗದೆ ಹಿಡಿದವನಂತೆ ಹಾಡುತ್ತಾನೆ. ಆದರೆ ‘ನ್ಯೂ ಡಾರ್ಕ್ ಏಜ್’ ಆದ ಮೇಲೆ ಮುಂದಿನ ಪೂರ್ಣ ಆಲ್ಬಮ್ಮಿಗೆ ಇಪ್ಪತ್ತು ವರ್ಷ ಹಿಡಿಯಿತು. ನಡುವೆ 2013ರಲ್ಲಿ ಒಂದು ಕಿರು ಮುದ್ರಿಕೆ ಬಂತು. ಅಷ್ಟು ಕಾಲ ಕಳೆದರೂ ತಂಡದ ಗಿಟಾರ್ ವಾದಕ ರಿಚ್ ವಾಕರ್ ಈ ಬಗೆಯ ರಾಗಗಳನ್ನು ಕೈಬಿಟ್ಟಿಲ್ಲ. ಯುವಕರ ಆಲ್ಬಮ್ಮಿನಲ್ಲಿ ಯುದ್ಧಕ್ಕೆ ಹೊರಡುವ ಹುರುಪಿದೆ. ಇದರಲ್ಲಿ ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲೆ ಆ ಬಯಲಿಗೆ ಒಬ್ಬನೇ ಹೋಗಿ ನಿಂತವನ ಮೌನವಿದೆ. ನನಗೀಗ ನಲವತ್ತೊಂಬತ್ತು, ಎರಡನೆಯದು ಹತ್ತಿರವಾಗುತ್ತದೆ.

ಮಾಟುಂಗಾದ ಮಾಣಿ:
ನನಗೆ ಅರವತ್ತೆರಡು. ನನಗಿನ್ನೂ ಗದೆಯೇ ಬೇಕು.

ಫೋಂಡಾದ ಹೊಸಬ:
ನಿನ್ನೆ ರಾತ್ರಿ ವಿದ್ಯುತ್ ಹೋಗಿತ್ತು, ಕತ್ತಲೆಯಲ್ಲಿ ಪೂರ್ತಿ ಕೇಳಿದೆ. ಎರಡು ಗಿಟಾರುಗಳೂ ಸಿಕ್ಕವು. ಕೊನೆಯ ಹಾಡಿನಲ್ಲಿ ನಿದ್ದೆ ಬಂತು, ಸುಳ್ಳು ಹೇಳುವುದಿಲ್ಲ. ಈ ಭಾನುವಾರ ಉಸಗಳಿಮಳಕ್ಕೆ ಹೋಗಬಹುದೇ?

ವಾಸ್ಕೋದ ವೆಲ್ಡರ್:
ಜುಲೈನಲ್ಲಿ ಬೇಡ. ಕುಶಾವತಿ ಉಕ್ಕಿದರೆ ಕಲ್ಲಿನ ಮೇಲೆಲ್ಲ ನೀರು, ಕೆಸರು. ಡಿಸೆಂಬರ್ ಕಳೆಯಲಿ. ಎರಡು ಬಾಟಲಿ ಒಯ್ಯಿರಿ, ಕುಡಿಯಲು ಒಂದು, ಗೂಳಿಗೆ ಒಂದು.